ನಿಂತ ಯಂತ್ರಗಳು, ನಿಲ್ಲದ ಲೆಕ್ಕ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಅಪ್ಪಣೆ ಮಾಡಿದಾಗ ಶಾಲಾದಿನಗಳ ನೆನಪುಗಳೇ ಮೊದಲು ಮನಸ್ಸಿಗೆ ಬಂದವು. ಮುಳಿಹುಲ್ಲಿನ ಮಾಡು, ಮಳೆಗಾಲದಲ್ಲಿ ತಲೆಗೇರುತ್ತಿದ್ದ ಗೊರಬೆ, ಮಧ್ಯಾಹ್ನದ ಉಪ್ಪಿಟ್ಟು, ಗುರುಗಳ ಬೆತ್ತ, ಇವನ್ನೆಲ್ಲ ನನಗಿಂತ ಸೊಗಸಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ಆದುದರಿಂದ ಊರಿನಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ನಿವೇದಿಸಲು ಬಯಸುತ್ತೇನೆ. ಈ ಶಾಲೆಯಲ್ಲಿ ಕಲಿತ ಹತ್ತು ಮಂದಿಯೂ ಕಲಿಸಿದ ಒಬ್ಬ ಗುರುಗಳೂ ಸೇರಿ, ಯಾವ ಸಂಬಳವಿಲ್ಲದೆ, ತಮ್ಮ ಮನೆಯ ಗಣಕಯಂತ್ರಗಳನ್ನು ಇಪ್ಪತ್ತು ವರ್ಷಕ್ಕೂ ಮೀರಿ ವಿಜ್ಞಾನದ ಕೆಲಸಕ್ಕೆ ದುಡಿಸಿದ ಕಥೆ ಇದು. ಕಥೆ ಎನ್ನುವುದಕ್ಕಿಂತ, ಆ ಯಂತ್ರಗಳು ಒಂದೊಂದಾಗಿ ಹೇಗೆ ನಿಂತವು, ನಿಂತಾಗ ನಾವೇನು ಮಾಡಿದೆವು ಎಂಬುದರ ವರದಿ ಎಂದರೆ ಸರಿಯಾದೀತು.

ವಿಷಯವನ್ನು ಅರಿಯದವರಿಗಾಗಿ ನಾಲ್ಕು ಮಾತು. ಅಮೆರಿಕದ ಬರ್ಕ್‌ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1999ರ ಮೇ 17ರಂದು ‘ಸೆಟಿ ಎಟ್ ಹೋಮ್’ ಎಂಬ ಯೋಜನೆಯೊಂದನ್ನು ಸಾರ್ವಜನಿಕರಿಗೆ ತೆರೆದರು. ಪೋರ್ಟೊರಿಕೊ ದ್ವೀಪದ ಅರೆಸಿಬೋ ಎಂಬಲ್ಲಿ 305 ಮೀಟರ್ ಅಗಲದ ಬೃಹತ್ ರೇಡಿಯೋ ದೂರದರ್ಶಕವಿತ್ತು. ಆಕಾಶದಿಂದ ಅದು ಸಂಗ್ರಹಿಸಿದ ರೇಡಿಯೋ ಅಲೆಗಳಲ್ಲಿ, ಬೇರೆ ಲೋಕದ ಬುದ್ಧಿಜೀವಿಗಳು ಕಳುಹಿಸಿರಬಹುದಾದ ಸಂಕೇತವೇನಾದರೂ ಅಡಗಿದೆಯೇ ಎಂದು ಹುಡುಕಬೇಕಿತ್ತು. ಲೆಕ್ಕವು ಅಗಾಧ, ಹಣವು ಕಡಿಮೆ. ಆದುದರಿಂದ ಅವರು ಆ ಮಾಹಿತಿಯನ್ನು ಸುಮಾರು 350 ಕಿಲೋಬೈಟಿನ ಚಿಕ್ಕ ತುಂಡುಗಳಾಗಿ ಕತ್ತರಿಸಿ, ಅಂತರಜಾಲದ ಮೂಲಕ ಜಗತ್ತಿನ ಜನರ ಮನೆಗಳಿಗೆ ಹಂಚಿದರು. ಮನೆಯ ಗಣಕವು ಬಿಡುವಾಗಿದ್ದಾಗ ಆ ತುಂಡನ್ನು ಪರೀಕ್ಷಿಸಿ ಉತ್ತರವನ್ನು ಹಿಂದಿರುಗಿಸಿ ಮತ್ತೊಂದು ತುಂಡನ್ನು ತರಿಸಿಕೊಳ್ಳುತ್ತಿತ್ತು. ಕಾಲಕ್ರಮದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ಇದರಲ್ಲಿ ಸೇರಿದರು. ನಮ್ಮ ಊರಿನವರು ಮನೆಗೊಂದು ಮುಷ್ಟಿ ಅಕ್ಕಿಯಂತೆ ತೆಗೆದಿಟ್ಟು ಈ ಶಾಲೆಯ ಮೊದಲ ಕಟ್ಟಡವನ್ನು ಎಬ್ಬಿಸಿದ ಹಾಗೆಯೇ ಇದೂ.

ನಾನು ಆಗ ಪೇಟೆಯಲ್ಲಿ ಒಂದು ಡಿ.ಟಿ.ಪಿ. ಅಂಗಡಿಯನ್ನು ಇಟ್ಟುಕೊಂಡಿದ್ದೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ಯಕ್ಷಗಾನ ಬಯಲಾಟದ ಕರಪತ್ರ, ಇವೇ ನನ್ನ ಹಗಲಿನ ಕಸುಬು. ಜತೆಗೆ ಊರಿನವರ ಗಣಕಗಳ ದುರಸ್ತಿಯೂ ಇತ್ತು. 2001ರಲ್ಲಿ ಬೆಂಗಳೂರಿನಲ್ಲಿದ್ದ ಸಹಪಾಠಿಯೊಬ್ಬ ಈ ಯೋಜನೆಯ ವಿಚಾರವನ್ನು ತಿಳಿಸಿದ. ಅಂಗಡಿಯ ಪೆಂಟಿಯಮ್ ಯಂತ್ರವು ರಾತ್ರಿಯ ಹೊತ್ತು ಸುಮ್ಮನೆ ಬಿದ್ದಿರುತ್ತಿತ್ತು. ಟೆಲಿಫೋನ್ ತಂತಿಗೆ ಮೋಡೆಮ್ ಹಚ್ಚಿ, ಎರಡು ನಿಮಿಷದಲ್ಲಿ ಒಂದು ತುಂಡನ್ನು ಇಳಿಸಿಕೊಂಡು, ಬಾಗಿಲು ಹಾಕಿ ಮನೆಗೆ ಬಂದರೆ ಮರುದಿನ ಬೆಳಗ್ಗೆ ಲೆಕ್ಕ ಮುಗಿಯುವ ಹಂತಕ್ಕೆ ಬಂದಿರುತ್ತಿತ್ತು. ಹಗಲು ಊರಿನ ಮದುವೆ ಕಾಗದವನ್ನು ಜೋಡಿಸಿದ ಯಂತ್ರವೇ ರಾತ್ರಿ ನಕ್ಷತ್ರಗಳ ನಡುವಿನ ಸದ್ದನ್ನು ಜಾಲಾಡುತ್ತಿದೆಯೆಂಬ ಯೋಚನೆಯು ನನಗೆ ಕೊಡುತ್ತಿದ್ದ ಸಂತೋಷವನ್ನು ಮಾತಿನಲ್ಲಿ ಹೇಳಲಾರೆ.

ನಮ್ಮ ತಂಡಕ್ಕೆ ಪ್ರಾಣ ಬಂದದ್ದು ನಮಗೆಲ್ಲ ವಿಜ್ಞಾನವನ್ನು ಬೋಧಿಸಿದ ಮಾಷ್ಟ್ರು ಸೇರಿಕೊಂಡ ಮೇಲೆ. ಅವರು ನಿವೃತ್ತರಾಗಿದ್ದರು, ಪರವೂರಿನಲ್ಲಿದ್ದ ಮಗ ಮನೆಗೊಂದು ಗಣಕವನ್ನು ತಂದಿರಿಸಿದ್ದ. ಅದನ್ನು ಜೋಡಿಸಿ ಕೊಡಲು ಹೋದಾಗ ನಾನು ಈ ಯೋಜನೆಯನ್ನು ವಿವರಿಸಲು ತೊಡಗಿದೆ. ನನ್ನ ಮಾತು ಅರ್ಧವಾಗುವ ಮೊದಲೇ ಅವರು, “ಗೊತ್ತಾಯಿತು. ಇದು ನಮ್ಮ ಎಸ್.ಎಸ್.ಎಲ್.ಸಿ. ಮೌಲ್ಯಮಾಪನವೇ ಅಲ್ಲವೋ? ಲಕ್ಷಗಟ್ಟಲೆ ಉತ್ತರಪತ್ರಿಕೆಯನ್ನು ಒಬ್ಬನೇ ತಿದ್ದಲಿಕ್ಕೆ ಆಗುವುದಿಲ್ಲ. ಕಟ್ಟು ಕಟ್ಟಿ ಒಬ್ಬೊಬ್ಬ ಮಾಷ್ಟ್ರಿಗೆ ಕೊಡುವುದು. ಸಂಶಯವಿದ್ದರೆ ಅದೇ ಪೇಪರನ್ನು ಇನ್ನೊಬ್ಬನಿಗೂ ಕೊಟ್ಟು ನೋಡುವುದು,” ಎಂದರು. ಅಂದಿನಿಂದ ನಮ್ಮ ತಂಡದಲ್ಲಿ ಆ ತುಂಡಿಗೆ ‘ಕಟ್ಟು’ ಎಂಬ ಹೆಸರೇ ಉಳಿಯಿತು. ಮಾಷ್ಟ್ರು ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಕಟ್ಟು ಬಂದ ದಿನ, ಮುಗಿದ ದಿನ, ತಗಲಿದ ಗಂಟೆ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದರು. 2005ರ ಕೊನೆಗೆ ಆ ಪುಸ್ತಕದಲ್ಲಿ 612 ಕಟ್ಟುಗಳು ದಾಖಲಾಗಿದ್ದವು.

ಮೂವರಿಂದ ಆರಂಭವಾದ ತಂಡವು ಮೂರು ವರ್ಷಗಳಲ್ಲಿ ಹನ್ನೊಂದಕ್ಕೆ ಏರಿತು. ಬೆಂಗಳೂರಿನಲ್ಲಿ ಮೂವರು, ಮಂಗಳೂರಿನಲ್ಲಿ ಇಬ್ಬರು, ಮುಂಬಯಿ, ಶಾರ್ಜಾ, ಅಮೆರಿಕ ಹೀಗೆ ಒಬ್ಬೊಬ್ಬರು, ಊರಿನಲ್ಲಿ ನಾವು ಮೂವರು. ಶಾಲೆಯಲ್ಲಿ ನಾವೆಲ್ಲ ಒಂದೇ ಕಾಲದವರಲ್ಲ. ಕೆಲವರ ಮುಖವನ್ನು ಕೆಲವರು ಕಂಡೇ ಇರಲಿಲ್ಲ. ಆದರೂ ಒಂದೇ ಗುರುಗಳ ಶಿಷ್ಯರೆಂಬ ಸಲುಗೆ ಇತ್ತು. ಯೋಜನೆಯವರು ಪ್ರತಿಯೊಬ್ಬ ಸದಸ್ಯನ ದುಡಿಮೆಯನ್ನು ಅಂಕದ ರೂಪದಲ್ಲಿ ತೋರಿಸುತ್ತಿದ್ದರು. ಪ್ರತಿ ಭಾನುವಾರ ಆ ಅಂಕಪಟ್ಟಿಯನ್ನು ನೋಡಿ ಎಲ್ಲರಿಗೂ ಒಂದು ಮಿಂಚಂಚೆಯನ್ನು ಬರೆಯುವ ಹೊಣೆಯು ನನ್ನ ಪಾಲಿಗೆ ಬಂತು. ಯಾರ ಅಂಕವು ಏರದೆ ನಿಂತಿದೆಯೋ ಅವರಿಗೆ ದೂರವಾಣಿ ಮಾಡಿ ಕೇಳುವುದೂ ಆ ಹೊಣೆಯೊಳಗೇ ಸೇರಿತ್ತು.

ಇನ್ನು ಯಂತ್ರಗಳ ಕಷ್ಟವನ್ನು ಹೇಳುತ್ತೇನೆ. ಸಾಮಾನ್ಯ ಬಳಕೆಯಲ್ಲಿ ಗಣಕದ ಮಿದುಳು ಹೆಚ್ಚಿನ ಹೊತ್ತು ವಿಶ್ರಾಂತಿಯಲ್ಲಿಯೇ ಇರುತ್ತದೆ. ಇಂತಹ ಲೆಕ್ಕಕ್ಕೆ ತೊಡಗಿಸಿದರೆ ಅದಕ್ಕೆ ಕ್ಷಣವೂ ಬಿಡುವಿಲ್ಲ, ಬಿಸಿಯೇರುತ್ತದೆ. ಆ ಬಿಸಿಯನ್ನು ಹೊರಹಾಕುವ ಪುಟ್ಟ ಫ್ಯಾನು ಧೂಳು ಕಟ್ಟಿ ನಿಂತರೆ ಯಂತ್ರವೇ ನಿಲ್ಲುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಕಾಸರಗೋಡಿನಲ್ಲಿ ಧೂಳಿನ ಜೊತೆಗೆ ತೇವವೂ ಸೇರಿ ಬೂಸಲು ಬರುತ್ತಿತ್ತು. ಪೆಟ್ಟಿಗೆಯ ಬೆಚ್ಚಗಿನ ಮೂಲೆಯನ್ನು ಹುಡುಕಿ ಬಂದ ಹಲ್ಲಿಗಳು, ಕಿಂಡಿಗಳಲ್ಲಿ ಮಣ್ಣಿನ ಗೂಡು ಕಟ್ಟಿದ ಕಣಜಗಳು, ಇವನ್ನೆಲ್ಲ ನಾನು ಕೈಯಾರೆ ತೆಗೆದಿದ್ದೇನೆ. ಅದೇ ವರ್ಷಗಳಲ್ಲಿ ಲೋಕದ ಅನೇಕ ಕಡೆ ಮದರ್‌ಬೋರ್ಡಿನ ಕೆಪಾಸಿಟರುಗಳು ಅಕಾಲದಲ್ಲಿ ಉಬ್ಬಿ ಒಡೆಯುವ ರೋಗವೊಂದು ಹಬ್ಬಿತ್ತು. ಅವುಗಳೊಳಗಿನ ದ್ರವದ ದೋಷವೇ ಅದಕ್ಕೆ ಕಾರಣವೆಂದು ಬಳಿಕ ತಿಳಿದುಬಂತು. ನಮ್ಮ ಹನ್ನೊಂದರಲ್ಲಿ ಮೂರು ಯಂತ್ರಗಳು ಅದಕ್ಕೆ ಬಲಿಯಾದವು. ಕರೆಂಟಿನ ಬಿಲ್ಲಿನ ಮಾತೂ ಇತ್ತು. ನೂರು ವ್ಯಾಟು ಎಳೆಯುವ ಯಂತ್ರವು ಹಗಲಿರುಳು ನಡೆದರೆ ದಿನಕ್ಕೆ 2.4 ಯೂನಿಟು, ತಿಂಗಳಿಗೆ 72 ಯೂನಿಟು. “ಆಕಾಶದಲ್ಲಿರುವವರು ಯಾರೋ ಮಾತನಾಡುತ್ತಾರೋ ಎಂದು ಕೇಳಲಿಕ್ಕೆ ನಾವು ಬಿಲ್ಲು ಕಟ್ಟುವುದೋ?” ಎಂದು ಮನೆಯವರು ಕೇಳಿದರೆ ನ್ಯಾಯವಾದ ಪ್ರಶ್ನೆಯೇ. ರಾತ್ರಿ ಮಾತ್ರ ನಡೆಸುವುದು, ಬೇಸಗೆಯ ಎರಡು ತಿಂಗಳು ನಿಲ್ಲಿಸುವುದು, ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಒಪ್ಪಂದವಾಯಿತು.

2004ರ ಮೇ ತಿಂಗಳಲ್ಲಿ, ಮಳೆಯ ಹನಿಯೂ ಬೀಳುವ ಮೊದಲೇ ಬಂದ ಸಿಡಿಲೊಂದು ಟೆಲಿಫೋನ್ ತಂತಿಯನ್ನು ಹಿಡಿದು ಅಂಗಡಿಯೊಳಕ್ಕೆ ನುಗ್ಗಿತು. ಮೋಡೆಮ್ ಕರಿಯಾಯಿತು, ಮದರ್‌ಬೋರ್ಡ್ ಸತ್ತಿತು, ಮಾನಿಟರಿನಿಂದ ಹೊಗೆ ಬಂತು. ಆ ವಾರ ಕೊಡಬೇಕಾಗಿದ್ದ ನಾಲ್ಕು ಮದುವೆ ಕಾಗದಗಳನ್ನು ಮಂಗಳೂರಿಗೆ ಹೋಗಿ ಬೇರೆಯವರ ಯಂತ್ರದಲ್ಲಿ ಜೋಡಿಸಿ ತಂದೆ. ಹೊಸ ಯಂತ್ರಕ್ಕೆ ಸಾಲ ಮಾಡಬೇಕಾಯಿತು. ನಾಲ್ಕು ತಿಂಗಳ ಕಾಲ ನನ್ನ ಹೆಸರಿನ ಮುಂದೆ ಅಂಕವು ಒಂದಿನಿತೂ ಏರಲಿಲ್ಲ. ಆ ಭಾನುವಾರಗಳಲ್ಲಿ ಪಟ್ಟಿಯನ್ನು ನೋಡಿ ಬರೆಯುವ ಕೆಲಸವನ್ನು ಮಾಷ್ಟ್ರು ತಾವಾಗಿಯೇ ಕೈಗೆತ್ತಿಕೊಂಡರು. ನನ್ನ ಹೆಸರಿನ ಎದುರು ಅವರು ಪ್ರತಿ ವಾರವೂ ಬರೆಯುತ್ತಿದ್ದದ್ದು ಒಂದೇ ಪದ: ‘ರಜೆಯಲ್ಲಿ’.

ಈ ಪದದಲ್ಲಿ ಒಂದು ತಾತ್ಪರ್ಯವಿತ್ತು. ಆ ಯೋಜನೆಯನ್ನು ರೂಪಿಸಿದ ವಿಜ್ಞಾನಿಗಳು, ಸೇರಿದವರೆಲ್ಲರೂ ಎಂದಾದರೊಮ್ಮೆ ನಿಂತೇ ನಿಲ್ಲುತ್ತಾರೆಂಬುದನ್ನು ಮೊದಲೇ ಒಪ್ಪಿಕೊಂಡಿದ್ದರು. ಲೆಕ್ಕ ನಡೆಯುತ್ತಿರುವಾಗ ಗಣಕವು ಆಗಾಗ ತಾನು ತಲಪಿದ ಹಂತವನ್ನು ಡಿಸ್ಕಿನಲ್ಲಿ ಬರೆದಿಡುತ್ತದೆ. ಕರೆಂಟು ಹೋಗಿ ಬಂದರೆ ಮೊದಲಿನಿಂದ ತೊಡಗಬೇಕಾಗಿಲ್ಲ. ಬರೆದಿಟ್ಟ ಹಂತದಿಂದ ಮುಂದುವರಿದರಾಯಿತು. ಆಟಿ ತಿಂಗಳಲ್ಲಿ ಮನೆಗಳಲ್ಲಿ ಪುರಾಣವನ್ನು ಓದುವವರು ಪುಟದ ನಡುವೆ ನವಿಲುಗರಿಯನ್ನು ಇಟ್ಟು ಏಳುವ ಹಾಗೆ. 2004ರಿಂದ ‘ಬೋಯಿಂಕ್’ ಎಂಬ ಹೊಸ ವ್ಯವಸ್ಥೆಯು ಬಳಕೆಗೆ ಬಂದು, 2005ರ ಡಿಸೆಂಬರಿನಲ್ಲಿ ಹಳೆಯ ಪದ್ಧತಿ ಪೂರ್ತಿಯಾಗಿ ನಿಂತಿತು. ಹೊಸ ವ್ಯವಸ್ಥೆಯಲ್ಲಿ ಪ್ರತಿ ಕಟ್ಟಿಗೂ ಒಂದು ಗಡುವು. ಆ ಗಡುವಿನೊಳಗೆ ಉತ್ತರವು ಬಾರದಿದ್ದರೆ ಯಾರನ್ನೂ ದೂರದೆ, ದಂಡ ವಿಧಿಸದೆ, ಅದೇ ಕಟ್ಟನ್ನು ಇನ್ನೊಬ್ಬರ ಮನೆಗೆ ಕಳುಹಿಸಲಾಗುತ್ತದೆ. ಗಳಿಸಿದ ಅಂಕವು ಕಡಿಮೆಯಾಗುವುದಿಲ್ಲ. ಎಷ್ಟು ವರ್ಷ ಕಳೆದು ಮರಳಿದರೂ ಹೆಸರು ಅಲ್ಲೇ ಇರುತ್ತದೆ.

ನಿಂತ ಯಂತ್ರಕ್ಕಿಂತಲೂ ಅಪಾಯಕಾರಿಯಾದದ್ದು ತಪ್ಪು ಲೆಕ್ಕ ಮಾಡುವ ಯಂತ್ರ. ಬೆಂಗಳೂರಿನ ಸದಸ್ಯನೊಬ್ಬನ ಗಣಕವು ನಡೆಯುತ್ತಲೇ ಇತ್ತು; ಆದರೆ ಅವನ ಅಂಕ ಏರುತ್ತಿರಲಿಲ್ಲ. ಕಾರಣವಿಷ್ಟೆ: ಒಂದೇ ಕಟ್ಟನ್ನು ಪರಸ್ಪರ ಪರಿಚಯವಿಲ್ಲದ ಇಬ್ಬರಿಗೆ ಕೊಟ್ಟು, ಎರಡು ಉತ್ತರಗಳೂ ಹೊಂದಿಕೆಯಾದರೆ ಮಾತ್ರ ಯೋಜನೆಯವರು ಸ್ವೀಕರಿಸುತ್ತಿದ್ದರು. ಅವನ ಉತ್ತರಗಳು ಇನ್ನೊಬ್ಬರ ಉತ್ತರದೊಡನೆ ಹೊಂದುತ್ತಿರಲಿಲ್ಲ. ಬಿಡಿಸಿ ನೋಡಿದಾಗ ಸ್ಮರಣೆಯ ಚಿಪ್ಪುಗಳಲ್ಲೊಂದು ಬಿಸಿಯಾದೊಡನೆ ಅಂಕಿಗಳನ್ನು ಅದಲುಬದಲು ಮಾಡುತ್ತಿತ್ತು. ಚಿತ್ರ ನೋಡಿದರೆ, ಕಾಗದ ಬರೆದರೆ ಈ ದೋಷವು ಎಂದೂ ಗೊತ್ತಾಗುತ್ತಿರಲಿಲ್ಲ. ಆ ಚಿಪ್ಪನ್ನು ಬದಲಿಸಿದ ಮೇಲೆ ಎಲ್ಲವೂ ಸರಿಯಾಯಿತು. “ಇನ್ನೊಬ್ಬನ ಕಣ್ಣು ಬೀಳದ ಪೇಪರಿಗೆ ಬೆಲೆಯಿಲ್ಲ” ಎಂದು ಮಾಷ್ಟ್ರು ನಕ್ಕರು.

ಆದರೆ ಎಲ್ಲ ಯಂತ್ರಗಳೂ ಚಿಪ್ಪು ಬದಲಿಸಿ ಸರಿಯಾಗುವಂತಹ ಕಾರಣದಿಂದ ನಿಲ್ಲುವುದಿಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲ್ಲಿಮೀಟರ್ ಮಳೆ ಸುರಿಯಿತು. ಮಳೆಯನ್ನೇ ಉಂಡು ಬೆಳೆದ ನಮಗೂ ಆ ಅಂಕಿಯನ್ನು ನಂಬುವುದು ಕಷ್ಟ. ತಂಡದಲ್ಲಿದ್ದ ಅಕ್ಕ ಒಬ್ಬರ ಮನೆಯು ಅಲ್ಲಿಗೆ ಸಮೀಪದ ಬಡಾವಣೆಯಲ್ಲಿ ನೆಲಮಹಡಿಯಲ್ಲಿತ್ತು. ಆ ವಾರ ಅವರ ಅಂಕವು ನಿಂತಿತು, ದೂರವಾಣಿಯೂ ಹೋಗುತ್ತಿರಲಿಲ್ಲ. ಐದನೆಯ ದಿನ ಅವರ ಧ್ವನಿ ಕೇಳಿತು. ಎದೆಮಟ್ಟದ ನೀರಿನಲ್ಲಿ ಮಕ್ಕಳಿಬ್ಬರನ್ನು ಮೇಲ್ಮಹಡಿಯ ನೆರೆಯವರ ಮನೆಗೆ ಏರಿಸಿ, ಅತ್ತೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ನಾಲ್ವರು ಹೊತ್ತೊಯ್ದ ಸಂಗತಿಯನ್ನು ಅವರು ತಣ್ಣಗೆ ಹೇಳಿದರು. ಗಣಕವು ಎರಡು ದಿನ ಕೆಸರು ನೀರಿನಲ್ಲಿ ಮುಳುಗಿತ್ತು. “ನನ್ನ ಕೈಯಲ್ಲಿದ್ದ ಕಟ್ಟು ಹೋಯಿತಲ್ಲ ತಮ್ಮಾ, ಇನ್ನು ಅದನ್ನು ಏನು ಮಾಡುವುದು?” ಎಂದು ಅವರು ಕೇಳಿದಾಗ ನನಗೆ ಗಂಟಲು ಕಟ್ಟಿತು. ಮನೆಯ ಅಕ್ಕಿ, ಬಟ್ಟೆ, ಮಕ್ಕಳ ಪುಸ್ತಕಗಳೆಲ್ಲ ನೀರುಪಾಲಾಗಿದ್ದರೂ ಪರರ ಕೆಲಸವೊಂದು ತಮ್ಮಲ್ಲಿ ಬಾಕಿಯಾಯಿತೆಂಬ ಚಿಂತೆ ಅವರಿಗೆ. ಅದು ಆಗಲೇ ಇನ್ನೊಬ್ಬರ ಮನೆಗೆ ಹೋಗಿರುತ್ತದೆಂದು ತಿಳಿಸಿದೆ. ಆ ಒಂದು ಮಾತಿನಿಂದ ಅವರಿಗೆ ಆದ ಸಮಾಧಾನವು ನನಗೆ ಧ್ವನಿಯಲ್ಲಿಯೇ ತಿಳಿಯಿತು. ತಂಡದವರು ಕೂಡಿ ಮಕ್ಕಳ ಪುಸ್ತಕದ ವೆಚ್ಚವನ್ನು ಕಳುಹಿಸಿದರು. ಗಣಕವನ್ನು ಅವರು ಮತ್ತೆ ಕೊಂಡದ್ದು ಎರಡು ವರ್ಷಗಳ ಬಳಿಕ.

2009ರಲ್ಲಿ ಶಾರ್ಜಾದ ಗೆಳೆಯನ ಅಂಕ ನಿಂತಿತು. ಮೂರು ಯಂತ್ರಗಳನ್ನು ನಡೆಸಿ ತಂಡದಲ್ಲಿ ಎಲ್ಲರಿಗಿಂತ ಮುಂದಿದ್ದವನು ಅವನು. ಎರಡು ಭಾನುವಾರ ಕಾದು ಫೋನು ಮಾಡಿದೆ. “ಯಂತ್ರ ಹಾಳಾಯಿತೋ ಮಾರಾಯ?” ಎಂದು ಕೇಳಿದ್ದಕ್ಕೆ, “ಯಂತ್ರ ಸರಿಯೇ ಇದೆ, ಯಜಮಾನನೇ ಹಾಳಾದ” ಎಂದ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅವನಿದ್ದ ಸಂಸ್ಥೆಯು ಕೆಲಸಗಾರರನ್ನು ಇಳಿಸಿತ್ತು. ಮೂರೂ ಯಂತ್ರಗಳನ್ನು ಮಾರಿ ಟಿಕೆಟಿನ ಹಣ ಹೊಂದಿಸುವ ಸಿದ್ಧತೆಯಲ್ಲಿದ್ದ. ಹೆಂಡತಿಗೆ ಇನ್ನೂ ತಿಳಿಸಿರಲಿಲ್ಲ. ಅಂಕಪಟ್ಟಿಯ ದೆಸೆಯಿಂದ ಆ ಸುದ್ದಿಯನ್ನು ಮೊದಲು ಅರಿತವನು ನಾನಾದೆ. ಅಂದು ಒಂದು ಗಂಟೆ ಮಾತನಾಡಿದೆವು. ಮರುದಿನ ಅವನು ಮನೆಗೆ ತಿಳಿಸಿದ. ಊರಿಗೆ ಬಂದ ಮೇಲೆ ಆರು ತಿಂಗಳು ಅವನು ಯಾರ ಮನೆಗೂ ಹೋಗಲಿಲ್ಲ. ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಬಿಡಿಭಾಗಗಳನ್ನು ಜೋಡಿಸಿ ಅವನಿಗೊಂದು ಗಣಕವನ್ನು ಮಾಡಿ ಕೊಟ್ಟೆ. ಫ್ಯಾನಿನ ಸದ್ದು ಗಿರಣಿಯ ಹಾಗೆ. ಶಾರ್ಜಾದಲ್ಲಿ ಒಂದು ಗಂಟೆಗೆ ಮುಗಿಯುತ್ತಿದ್ದುದು ಇದರಲ್ಲಿ ಒಂದು ಹಗಲಿಗೆ ಮುಗಿಯುತ್ತಿತ್ತು. ಆದರೂ ಆ ವಾರ ಅವನ ಅಂಕವು ಏರಿತು. ಇಂದು ಅವನು ಅಡಿಕೆ ತೋಟವನ್ನೂ ಪೇಟೆಯಲ್ಲೊಂದು ಅಂಗಡಿಯನ್ನೂ ನೋಡಿಕೊಂಡು ಚೆನ್ನಾಗಿದ್ದಾನೆ. ಈ ಲೇಖನವನ್ನು ಮೊದಲು ಓದಿದವನೂ, ತನ್ನ ವಿಚಾರವನ್ನು ಬರೆಯಲು ಒಪ್ಪಿದವನೂ ಅವನೇ.

2010ರ ಜನವರಿಯಲ್ಲಿ ಮಾಷ್ಟ್ರ ಅಂಕ ನಿಂತಿತು. ಫೋನು ಮಾಡುವ ಮೊದಲೇ ಸುದ್ದಿ ಬಂತು: ಪಕ್ಷವಾತ. ಬಲಗೈ, ಬಲಗಾಲು ಸ್ವಾಧೀನ ತಪ್ಪಿತ್ತು; ಮಾತು ತೊದಲುತ್ತಿತ್ತು. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ನೋಡಲು ಹೋದೆ. ಜಗಲಿಯ ಪಕ್ಕದ ಕೋಣೆಯಲ್ಲಿ ಮಂಚ. ಎದುರಿಗೆ ಮೇಜಿನ ಮೇಲೆ ಬಟ್ಟೆ ಹೊದಿಸಿದ್ದ ಗಣಕ. ಅವರು ಎಡಗೈಯನ್ನು ಎತ್ತಿ ಅದರ ಕಡೆಗೆ ತೋರಿಸುತ್ತಿದ್ದರು. ಅಮ್ಮ ಹೇಳಿದರು: “ಅದು ಯಾಕೆ ಶಬ್ದ ಮಾಡುವುದಿಲ್ಲ ಎಂದು ಕೇಳುವುದು ಮಗಾ. ಆಸ್ಪತ್ರೆಯಿಂದ ಬಂದಂದಿನಿಂದ ಅದೇ. ರಾತ್ರಿ ಆ ಶಬ್ದ ಕೇಳದೆ ನಿದ್ದೆ ಬರುವುದಿಲ್ಲವಂತೆ. ಬಟನು ಒತ್ತುವುದು ಹೇಗೆಂದು ನನಗೊಮ್ಮೆ ತೋರಿಸಿ ಕೊಡು.”

ಎಪ್ಪತ್ತು ದಾಟಿದ ಆ ತಾಯಿ, ಅದುವರೆಗೆ ಗಣಕವನ್ನು ಮುಟ್ಟಿದವರಲ್ಲ. ನಾನು ಬಟನಿನ ಮೇಲೆ ಒಂದು ಕುಂಕುಮದ ಬೊಟ್ಟನ್ನಿಟ್ಟು ಗುರುತು ಮಾಡಿ ಕೊಟ್ಟೆ. ಉಳಿದದ್ದೆಲ್ಲ ತಾನಾಗಿಯೇ ನಡೆಯುವಂತೆ ಏರ್ಪಡಿಸಿದೆ. ಯಂತ್ರವು ಎದ್ದು ತಾನು ಬರೆದಿಟ್ಟ ಹಂತವನ್ನು ಹುಡುಕಿ ಅಲ್ಲಿಂದ ಮುಂದುವರಿಯಿತು. ಆ ಕಟ್ಟಿನ ಗಡುವು ಎಂದೋ ಕಳೆದಿತ್ತು. ಇನ್ನಾರೋ ಅದನ್ನು ಮುಗಿಸಿದ್ದರು. ಅದನ್ನು ಕೈಬಿಟ್ಟು ಹೊಸ ಕಟ್ಟನ್ನು ತರಿಸಿದೆ. ಅಂದಿನಿಂದ ಪ್ರತಿ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅಮ್ಮ ಆ ಬಟನನ್ನು ಒತ್ತುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಅಕ್ಷರಗಳು ನಿಂತ ಮುಂದಿನ ಸಾಲಿನಿಂದ, ಸೀಸದ ಕಡ್ಡಿಯಲ್ಲಿ ಅಮ್ಮನ ದುಂಡಾದ ಅಂಕಿಗಳು ತೊಡಗುತ್ತವೆ.

ಅದೇ ವರ್ಷದ ಆಗಸ್ಟಿನಲ್ಲಿ ಒಂದು ಶುಭವಾರ್ತೆ ಪ್ರಕಟವಾಯಿತು. ನಮ್ಮ ತಂಡವು ಸೆಟಿಯ ಜತೆಯಲ್ಲಿ ‘ಐನ್‌ಸ್ಟೈನ್ ಎಟ್ ಹೋಮ್’ ಎಂಬ, 2005ರಲ್ಲಿ ಆರಂಭವಾದ ಇನ್ನೊಂದು ಯೋಜನೆಗೂ ದುಡಿಯುತ್ತಿತ್ತು. ಆ ಯೋಜನೆಯ ಸ್ವಯಂಸೇವಕರ ಗಣಕಗಳು ಅರೆಸಿಬೋದ ಮಾಹಿತಿಯಲ್ಲಿ ಹೊಸದೊಂದು ಪಲ್ಸಾರನ್ನು, ಎಂದರೆ ಬುಗುರಿಯಂತೆ ತಿರುಗುತ್ತ ರೇಡಿಯೋ ಮಿಡಿತವನ್ನು ಬೀರುವ ನಕ್ಷತ್ರವನ್ನು, ಕಂಡುಹಿಡಿದಿದ್ದವು. ಅದು ಸೆಕೆಂಡಿಗೆ ಸುಮಾರು 41 ಬಾರಿ ತಿರುಗುತ್ತದೆ. ಅದನ್ನು ಕಂಡ ಯಂತ್ರಗಳು ಅಮೆರಿಕದ ಐಯೋವಾ ರಾಜ್ಯದ ಒಬ್ಬ ದಂಪತಿಯದೂ ಜರ್ಮನಿಯ ಒಬ್ಬರದೂ ಆಗಿದ್ದವು. ನಾನು ಆ ಸುದ್ದಿಯನ್ನು ಮಾಷ್ಟ್ರ ಮಂಚದ ಬಳಿ ಕುಳಿತು ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತೊದಲುತ್ತ ಕಷ್ಟಪಟ್ಟು ಕೇಳಿದ್ದು ಇಷ್ಟೆ: “ಇಬ್ಬರಿಗೂ ಒಂದೇ ಉತ್ತರ ಬಂತೋ?” ಬಂತೆಂದೆ. ಅವರ ಮುಖದಲ್ಲಿ, ತರಗತಿಯ ಕೊನೆಯ ಬೆಂಚಿನ ಹುಡುಗನು ಸರಿಯುತ್ತರ ಹೇಳಿದಾಗ ಮೂಡುತ್ತಿದ್ದ ಹಳೆಯ ನಗು ಕಾಣಿಸಿತು.

2012ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ಅಮ್ಮ ನನ್ನನ್ನು ಕರೆಸಿ, “ಇನ್ನು ಆ ಬಟನು ಒತ್ತಬೇಕೋ ಬೇಡವೋ ನೀನೇ ಹೇಳು” ಎಂದರು. ನಾನು ಉತ್ತರಿಸಲಾರದೆ ನಿಂತಾಗ ಅವರೇ, “ಈ ವರ್ಷ ಮುಗಿಯಲಿ” ಎಂದರು. ವರ್ಷಾಂತಿಕದವರೆಗೂ ಅದು ನಡೆಯಿತು. ಬಳಿಕ ಆ ಗಣಕವನ್ನೂ ಹಾಜರಿ ಪುಸ್ತಕವನ್ನೂ ಅಮ್ಮ ನನ್ನ ವಶಕ್ಕೆ ಕೊಟ್ಟರು. ಮಾಷ್ಟ್ರ ಹೆಸರು ತಂಡದ ಪಟ್ಟಿಯಲ್ಲಿ ಇಂದಿಗೂ ಇದೆ.

ಯಂತ್ರಗಳು ಮನೆಗಳಲ್ಲಿ ಮಾತ್ರ ಕೆಡುವುದಲ್ಲ. 2020ರ ಮಾರ್ಚ್ 31ರಂದು ಸೆಟಿ ಯೋಜನೆಯವರು ಹೊಸ ಕಟ್ಟುಗಳನ್ನು ಹಂಚುವುದನ್ನು ನಿಲ್ಲಿಸಿದರು. ಸಂಗ್ರಹವಾದ ಉತ್ತರಗಳನ್ನು ಕುಳಿತು ಪರಿಶೀಲಿಸುವ ಕಾಲ ಬಂದಿತ್ತು. ಅನ್ಯಲೋಕದ ಸಂಕೇತವೆಂದು ದೃಢಪಟ್ಟದ್ದು ಆ ಇಪ್ಪತ್ತೊಂದು ವರ್ಷಗಳಲ್ಲಿ ಒಂದೂ ದೊರೆಯಲಿಲ್ಲ. ಅದೇ ವರ್ಷದ ಆಗಸ್ಟ್ 10ರಂದು ಅರೆಸಿಬೋದ ದೂರದರ್ಶಕದ ಒಂದು ಆಧಾರ ಹಗ್ಗವು ಕಳಚಿ ಬಿದ್ದು ಕೆಳಗಿನ ತಟ್ಟೆಯನ್ನು ಸೀಳಿತು. ನವೆಂಬರಿನಲ್ಲಿ ಮುಖ್ಯ ಹಗ್ಗವೊಂದು ತುಂಡಾಯಿತು. ಡಿಸೆಂಬರ್ 1ರಂದು 900 ಟನ್ ತೂಕದ ಮೇಲಿನ ವೇದಿಕೆಯು ಕುಸಿದು ತಟ್ಟೆಯ ಮೇಲೆ ಬಿತ್ತು. 1963ರಿಂದ ಆಕಾಶಕ್ಕೆ ಕಿವಿಗೊಟ್ಟಿದ್ದ ಯಂತ್ರವು ಹೀಗೆ ಮೌನವಾಯಿತು. ಅದು ಬೀಳುವ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದಾಗ, ನಮ್ಮ ಪರಿಚಯದ ಹಿರಿಯರೊಬ್ಬರನ್ನು ಕಳೆದುಕೊಂಡ ಹಾಗೆ ಅನಿಸಿತೆಂದು ಮುಂಬಯಿಯ ಅಕ್ಕ ಬರೆದರು.

ಆದರೆ ಸೆಟಿ ನಿಂತ ಆ ಮಾರ್ಚ್ ತಿಂಗಳು ನಮ್ಮೂರಿನವರಿಗೆ ಬೇರೆಯೇ ಕಾರಣದಿಂದ ಮರೆಯಲಾಗದ್ದು. ಕೊರೋನಾ ವ್ಯಾಧಿಯ ಭಯದಿಂದ ತಲಪಾಡಿಯ ಗಡಿ ಮುಚ್ಚಿತು. ಹೆರಿಗೆಗೂ ಹೃದಯಕ್ಕೂ ಡಯಾಲಿಸಿಸಿಗೂ ಮಂಗಳೂರನ್ನೇ ನಂಬಿ ಬದುಕಿದ ಗಡಿನಾಡಿನ ಜನರು ರಸ್ತೆಯ ಮೇಲೆ ಸುರಿದ ಮಣ್ಣಿನ ರಾಶಿಯ ಈಚೆಗೆ ನಿಂತರು. ಚಿಕಿತ್ಸೆಗೆ ತಲಪಲಾಗದೆ ತೀರಿಕೊಂಡವರೂ ಇದ್ದಾರೆ. ಆ ದಿನಗಳಲ್ಲಿ ಕೈಕಟ್ಟಿ ಕುಳಿತಿರುವ ಸಂಕಟವು ಎಲ್ಲರನ್ನೂ ಕಾಡುತ್ತಿತ್ತು. 2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ಫೋಲ್ಡಿಂಗ್ ಎಟ್ ಹೋಮ್’ ಎಂಬ ಯೋಜನೆಯು, ಪ್ರೋಟೀನುಗಳು ಮಡಚಿಕೊಳ್ಳುವ ಬಗೆಯನ್ನು ಲೆಕ್ಕ ಹಾಕುವಂತಹದು. ಅದು ಆಗ ಕೊರೋನಾ ವೈರಸ್ಸಿನ ಪ್ರೋಟೀನುಗಳ ಕಡೆಗೆ ತಿರುಗಿತ್ತು. ನಮ್ಮಲ್ಲಿ ಉಳಿದ ಏಳು ಮಂದಿ ಅದಕ್ಕೆ ಸೇರಿದೆವು. ಜಗತ್ತಿನಾದ್ಯಂತ ಎಷ್ಟು ಮಂದಿ ಬಂದರೆಂದರೆ, ಹಂಚಲು ಕಟ್ಟುಗಳೇ ಸಾಲದೆ ಯಂತ್ರಗಳು ಕಾದು ಕುಳಿತವು. ಮಾರ್ಚ್ ಮುಗಿಯುವುದರೊಳಗೆ ಆ ಮನೆಯಂತ್ರಗಳ ಒಟ್ಟು ವೇಗವು ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಗಳನ್ನು ಬರೆದಷ್ಟು ಲೆಕ್ಕವನ್ನು ದಾಟಿತು. ಅದುವರೆಗೆ ಯಾವ ಸೂಪರ್ ಕಂಪ್ಯೂಟರೂ ಮುಟ್ಟದ ಎತ್ತರ ಅದು. ವೈರಸ್ಸಿನ ಮೈಮೇಲಿನ ಮುಳ್ಳಿನಂತಹ ಪ್ರೋಟೀನು ಹೇಗೆ ಬಾಯಿ ತೆರೆಯುತ್ತದೆಂಬುದನ್ನು ಆ ಲೆಕ್ಕಗಳು ತೋರಿಸಿಕೊಟ್ಟವು. ಬೆಂಗಳೂರಿನ ಸದಸ್ಯನ ಯಂತ್ರದ ಪವರ್ ಸಪ್ಲೈ ಮೇ ತಿಂಗಳಲ್ಲಿ ಸಿಡಿಯಿತು, ಅಂಗಡಿಗಳು ತೆರೆದಿರಲಿಲ್ಲ. ನಾನು ದೂರವಾಣಿಯಲ್ಲಿಯೇ ಹೇಳಿಕೊಟ್ಟು, ಹಳೆಯ ಯಂತ್ರವೊಂದರ ಸಪ್ಲೈಯನ್ನು ಅವನ ಮಗಳೇ ಬಿಚ್ಚಿ ಜೋಡಿಸಿದಳು. ಹನ್ನೆರಡು ವರ್ಷದ ಹುಡುಗಿ. ಈಗ ತಂದೆಯ ಬದಲಿಗೆ ಅವಳೇ ತಂಡದ ಸದಸ್ಯೆ.

ಇಂದು ನಾವು ನಾಲ್ವರು ನಡೆಸುತ್ತಿದ್ದೇವೆ. ಇಬ್ಬರು ಕಾಲವಾದರು. ಕೆಲವರಿಗೆ ಕಣ್ಣು ಮಂಜು, ಕೆಲವರಿಗೆ ಮಕ್ಕಳ ಮದುವೆಯ ಸಾಲ, ಒಬ್ಬರಿಗೆ ಮನೆಯೇ ಬೇರೆಯಾಯಿತು. ಅಮೆರಿಕದಲ್ಲಿದ್ದ ಹಿರಿಯಣ್ಣ, ಸಾಕಾಯಿತು ಎಂದು ಒಂದು ಸಾಲು ಬರೆದು ನಿಲ್ಲಿಸಿದರು. ಅದೂ ಒಂದು ಕಾರಣವೇ. ಆದರೂ ಭಾನುವಾರದ ಪತ್ರವು ಈಗಲೂ ಹೋಗುತ್ತದೆ, ನಿಂತವರಿಗೂ ಸಹ. ಅದರಲ್ಲಿ ಅಂಕದ ಮಾತು ಕಡಿಮೆ. ಯಾರ ಮೊಣಕಾಲು ಹೇಗಿದೆ, ಯಾರ ತೋಟದಲ್ಲಿ ಕೊಳೆರೋಗ ಬಂತು ಎಂಬುದೇ ಹೆಚ್ಚು. ಜಗತ್ತಿನ ಐವತ್ತು ಲಕ್ಷ ಮಂದಿಯ ನಡುವೆ ನಮ್ಮ ಹನ್ನೊಂದು ಯಂತ್ರಗಳು ಇದ್ದರೂ ಇಲ್ಲದಿದ್ದರೂ ವಿಜ್ಞಾನವು ನಿಲ್ಲುತ್ತಿರಲಿಲ್ಲವೆಂಬುದನ್ನು ನಾನು ಬಲ್ಲೆ. ನಾವು ನಿಂತಾಗ ನಮ್ಮ ಕಟ್ಟನ್ನು ಹೆಸರು ತಿಳಿಯದ ಯಾರೋ ಎತ್ತಿಕೊಂಡರು. ಇತರರು ನಿಂತಾಗ ಅವರದನ್ನು ನಾವು ಎತ್ತಿಕೊಂಡೆವು. ಕಟ್ಟಿನ ಮಟ್ಟಿಗೆ ಅಷ್ಟು ಸಾಕು. ಆದರೆ ನಿಂತವನ ಬಾಗಿಲಿಗೆ ಹೋಗಿ ಏನಾಯಿತೆಂದು ಕೇಳುವ ಕೆಲಸವನ್ನು ಬರ್ಕ್‌ಲಿಯ ಯಂತ್ರವು ಮಾಡಲಾರದು. ಅದನ್ನು ತಂಡವೇ ಮಾಡಬೇಕು. ಇಷ್ಟನ್ನು ನಾವು ಕಲಿತೆವು.

ಗಡಿನಾಡಿನಲ್ಲಿ ಕನ್ನಡ ಶಾಲೆಯನ್ನು ನಡೆಸುವುದೂ ಇಂತಹುದೇ ಒಂದು ಹಂಚಿಕೆಯ ಕೆಲಸವೆಂದು ನನ್ನ ಭಾವನೆ. ಒಂದು ವರ್ಷ ಮಕ್ಕಳ ಸಂಖ್ಯೆ ಇಳಿಯುತ್ತದೆ, ಒಂದು ವರ್ಷ ಅಧ್ಯಾಪಕರಿಲ್ಲ, ಒಂದು ವರ್ಷ ಮಾಡು ಸೋರುತ್ತದೆ. ಮುಷ್ಟಿ ಅಕ್ಕಿ ಕೊಟ್ಟ ಕೈಗಳಲ್ಲಿ ಬಹಳಷ್ಟು ಇಂದು ಇಲ್ಲ. ಆದರೂ ಇವರು ಬಿಟ್ಟಲ್ಲಿಂದ ಅವರು ಎತ್ತಿಕೊಂಡು ಐವತ್ತು ವರ್ಷ ನಡೆಯಿತು. ಈ ಸಂಚಿಕೆಯ ಕೊನೆಯಲ್ಲಿ ಹಳೆ ವಿದ್ಯಾರ್ಥಿಗಳ ಪಟ್ಟಿಯಿದೆ. ವಾಚಕರು ಅದನ್ನು ತಿರುವುವಾಗ, ಬಹುಕಾಲದಿಂದ ಸುದ್ದಿಯಿಲ್ಲದ ಹೆಸರೊಂದು ಕಣ್ಣಿಗೆ ಬಿದ್ದರೆ, ದಯವಿಟ್ಟು ಒಮ್ಮೆ ಫೋನು ಮಾಡಿರಿ. ಮಾಷ್ಟ್ರ ಹಾಜರಿ ಪುಸ್ತಕವನ್ನು ಅಮ್ಮನ ಒಪ್ಪಿಗೆಯಂತೆ ಈ ಮಹೋತ್ಸವದ ದಿನ ಶಾಲೆಯ ವಾಚನಾಲಯಕ್ಕೆ ಒಪ್ಪಿಸುತ್ತಿದ್ದೇನೆ; ವಿಜ್ಞಾನದ ಮಕ್ಕಳು ಅದನ್ನು ತೆರೆದು ನೋಡಲಿ. ನಮ್ಮ ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.